ಹರಳಯ್ಯನವರ ಬೀಗತನ



1838ರಲ್ಲಿ ಅಮೆರಿಕದ ಮಿಸ್ಸೂರಿ ರಾಜ್ಯದ ಗವರ್ನರ್ ಮಾರ್ಮನ್ ಪಂಥದವರನ್ನು ಹೊರದಬ್ಬಲು ಆಜ್ಞೆ ಮಾಡಿದ. ಅವರ ಗುರು ಜೋಸೆಫ್ ಸ್ಮಿತ್ 1844ರಲ್ಲಿ ಜೈಲಿನೊಳಗೇ ಗುಂಪಿನ ಗುಂಡಿಗೆ ಬಲಿಯಾದ. ಇದನ್ನು ಓದಿದಾಗ ನನಗೆ ಕಲ್ಯಾಣ ನೆನಪಾಯಿತು.

ಮಕ್ಕಳ ಮದುವೆ ಮಾಡಿ ಬೀಗರಾದ ತಪ್ಪಿಗೆ ಸಮಗಾರ ಹರಳಯ್ಯನವರಿಗೂ ಬ್ರಾಹ್ಮಣ ಮೂಲದ ಮಧುವರಸರಿಗೂ ಎಳೆಹೂಟೆ ಶಿಕ್ಷೆಯಾಯಿತು. ಚನ್ನಬಸವಣ್ಣನವರೊಡನೆ ಶರಣರು ವಚನದ ಕಟ್ಟು ಹೊತ್ತು ಉಳವಿಗೆ ನಡೆದರು. ನಕ್ಷೆಯಲ್ಲಿ ನೇರ ಗೆರೆ ಎಳೆದರೂ ಅದು ಸುಮಾರು 400 ಕಿ.ಮೀ.

ಮಗಳಿಗೆ ವರ ನೋಡುವಾಗ ನಾನು ಮೊದಲು ಕೇಳಿದ್ದು, "ಯಾವ ಒಳಪಂಗಡ?" ಎದೆಯ ಮೇಲೆ ಲಿಂಗವಿತ್ತು. ಬಿಜ್ಜಳನನ್ನು ಬೈಯುವ ನಾವೇ ಇಂದು ಆ ಬೀಗತನ ಬೇಡವೆನ್ನುತ್ತೇವೆ. ಮೊಮ್ಮಗಳ ಮದುವೆಯಲ್ಲಿ ಆ ಪ್ರಶ್ನೆ ಕೇಳೆನು. ನೀವೂ ಕೇಳಬೇಡಿ.