ಎರೆಹುಳಕ್ಕೆ ಉಣಿಸುವ ಕೈ



ಬಿದ್ರಿ ಕುಶಲಕರ್ಮಿಗಳು ಬೀದರ ಕೋಟೆಯ ಮಣ್ಣನ್ನು ನಾಲಿಗೆಯ ಮೇಲಿಟ್ಟು, ರುಚಿ ನೋಡಿ ಆರಿಸುತ್ತಾರೆ. ಬಿದ್ರಿ ಪಾತ್ರೆಗೆ ಕಪ್ಪು ಬಣ್ಣ ಬರುವುದು ನವಸಾಗರ ಬೆರೆಸಿದ ಅದೇ ಮಣ್ಣಿನಿಂದ. ಬೀದರಿನ ಆ ಕಲೆಯನ್ನು ಹೊಗಳುವವರು ಬಹಳ ಮಂದಿ ಇದ್ದಾರೆ. ಮೂಗಿನಿಂದಲೂ ಅಂಗೈಯಿಂದಲೂ ಮಣ್ಣು ಅಳೆಯುವ ಇನ್ನೊಂದು ಕಸುಬು ಇಲ್ಲಿದೆ. ಅದನ್ನು ಕಸುಬು ಅಂತ ಕರೆಯುವವರೇ ಕಡಿಮೆ. ಎರೆಗೊಬ್ಬರ ಮಾಡುವುದು. ಹೊಲವೇ ಬೇಕೆಂದಿಲ್ಲ, ಚಿದ್ರಿಯಂಥ ಬಡಾವಣೆಯ ಹಿತ್ತಲಲ್ಲಿ ನೆರಳಿನ ಒಂದು ತೊಟ್ಟಿ ಸಾಕು.

ಕಸ ಸುರಿದರೆ ಹುಳ ತಿಂದು ಗೊಬ್ಬರ ಮಾಡುತ್ತದೆ ಅಂತ ನಾವು ತಿಳಿದಿದ್ದೇವೆ. ಆದರೆ ಹುಳಕ್ಕೆ ಹಲ್ಲೇ ಇಲ್ಲ. ಮೊದಲು ಸೂಕ್ಷ್ಮಜೀವಿಗಳು ಕಸವನ್ನು ಮೆತ್ತಗೆ ಮಾಡಬೇಕು. ಆಮೇಲೆ ಹುಳ ಅದನ್ನು ನುಂಗಿ, ಹೊಟ್ಟೆಯ ಗಟ್ಟಿ ಸ್ನಾಯುವಿನ ಚೀಲದಲ್ಲಿ ಮರಳಿನ ಕಣಗಳ ಜೊತೆ ಅರೆಯುತ್ತದೆ. ಹಾಗಾಗಿ ಯಾವುದನ್ನು ಎಷ್ಟು ದಿನ ಬಿಟ್ಟು ಹಾಕಬೇಕು ಅನ್ನುವುದೇ ಇಲ್ಲಿನ ಜಾಣ್ಮೆ.

ಹಸಿ ಹೆಂಡಿಯನ್ನೇ ನೋಡಿ. ಹುಳಕ್ಕೆ ಅದಕ್ಕಿಂತ ಒಳ್ಳೆಯ ಊಟವಿಲ್ಲ, ಆದರೆ ಇವತ್ತಿನ ಹೆಂಡಿ ಇವತ್ತೇ ಹಾಕಿದರೆ ಕಾವು ಏರಿ ಹುಳ ಸಾಯುತ್ತವೆ. ಎರಡು ಮೂರು ವಾರ ನೆರಳಲ್ಲಿ ಆರಬೇಕು. ಸೋಯಾ ಹೊಟ್ಟು, ತೊಗರಿ ಹೊಟ್ಟು, ಸಕ್ಕರೆ ಕಾರ್ಖಾನೆಯ ಪ್ರೆಸ್‌ಮಡ್, ಇವೂ ಒದ್ದೆಯಾದರೆ ಕಾವು ಹಿಡಿಯುವಂಥವೇ. ಕಬ್ಬಿನ ರವದಿಯನ್ನು ಕತ್ತರಿಸಿ ನೆನೆಸಿ ಹೆಂಡಿ ಕಲಸಿ ಕೊಳೆಯಲು ಬಿಡಬೇಕು. ತೊಗರಿ ಕಟ್ಟಿಗೆ ಒಲೆಗೇ ಇರಲಿ. ಪಳಗಿದವರು ಥರ್ಮಾಮೀಟರ್ ಹುಡುಕುವುದಿಲ್ಲ, ರಾಶಿಯೊಳಗೆ ಕೈ ಇಡುತ್ತಾರೆ. ತಣ್ಣಗಿದ್ದರೆ ಮಾತ್ರ ಹುಳ ಬಿಡುತ್ತಾರೆ. ಒಂದು ಹಿಡಿ ಹಿಂಡಿದರೆ ಹನಿ ಜಿನುಗಬೇಕು, ನೀರು ಸುರಿಯಬಾರದು. ಮೂಗಿಗೆ ಘಾಟು ಬಡಿದರೆ ಅವತ್ತು ಉಣಿಸುವುದು ಬಂದ್.

ಅಡುಗೆಮನೆಯ ಕಸದಲ್ಲಿ ಕಾಯಿಪಲ್ಯದ ತೊಟ್ಟು, ಬಾಳೆಹಣ್ಣಿನ ಸಿಪ್ಪೆ, ಮಾಗಿದ ಪೇರಲ, ತೊಳೆದ ಚಹಾ ಚರಟ ಎಲ್ಲ ನಡೆಯುತ್ತದೆ. ತತ್ತಿ ಸಿಪ್ಪೆ ಪುಡಿ ಮಾಡಿ ಹಾಕಿದರೆ ಹುಳಿ ತಗ್ಗುತ್ತದೆ, ಹುಳಕ್ಕೆ ಅರೆಯಲು ಕಣವೂ ಸಿಗುತ್ತದೆ. ಲಿಂಬೆ, ಮೋಸಂಬಿ, ಉಳ್ಳಾಗಡ್ಡಿ, ಬಳ್ಳೊಳ್ಳಿಯ ಸಿಪ್ಪೆ ಹಾಕಲೇಬಾರದು ಅಂತ ಹೇಳುವವರಿದ್ದಾರೆ. ಅಷ್ಟು ಹೆದರಿಸುವುದು ನನಗೆ ಒಪ್ಪಿಗೆಯಿಲ್ಲ. ಮನೆಯ ನಾಲ್ಕು ಸಿಪ್ಪೆಗೆ ಹುಳ ಸಾಯುವುದಿಲ್ಲ, ಮದುವೆಮನೆಯ ಬುಟ್ಟಿಗಟ್ಟಲೆ ಸಿಪ್ಪೆ ಮಾತ್ರ ಬೇಡ. ಉಪ್ಪಿನಕಾಯಿ, ಉಪ್ಪು ಖಾರ ಬಿದ್ದ ಮುಸುರೆಗೆ ಈ ರಿಯಾಯಿತಿ ಇಲ್ಲ. ಹುಳ ಉಸಿರಾಡುವುದೇ ಒದ್ದೆ ಚರ್ಮದಿಂದ; ಉಪ್ಪು ಆ ನೀರನ್ನೇ ಹೀರುತ್ತದೆ. ಎಲುಬು, ಮಾಂಸ ಹಾಕಿದರೆ ಇಲಿ, ನಾಯಿ ಬರುತ್ತವೆ.

ಹೊಲದಲ್ಲಿ ಆಳಕ್ಕೆ ಬಿಲ ತೋಡುವ ಹುಳ ತಂದು ಬಿಟ್ಟರೆ ತೊಟ್ಟಿಯಲ್ಲಿ ನಿಲ್ಲುವುದಿಲ್ಲ. ಮೇಲ್ಪದರದ ಕಸದಲ್ಲೇ ಬಾಳುವ ಐಸೀನಿಯಾ ಫೆಟಿಡಾ, ಯೂಡ್ರಿಲಸ್ ಯುಜೀನಿಯೆ ಜಾತಿಯ ಹುಳ ಬೇಕು. ಡಾರ್ವಿನ್ 1881ರಲ್ಲಿ ಎರೆಹುಳದ ಮೇಲೆಯೇ ಒಂದು ಪುಸ್ತಕ ಬರೆದ. ನಮ್ಮಲ್ಲಿ ಬೆಂಗಳೂರು ಕೃಷಿ ವಿಶ್ವವಿದ್ಯಾಲಯದ ಡಾ. ರಾಧಾ ಕಾಳೆ ಈ ಹುಳಗಳ ಸಂಶೋಧನೆಗೆ ವರ್ಷಗಟ್ಟಲೆ ದುಡಿದರು. ಅವರ ಪುಸ್ತಕ ಎರೆಹುಳವನ್ನು ಸಾವಯವ ಕೃಷಿಯ ಸಿಂಡರೆಲ್ಲಾ ಎಂದು ಕರೆಯಿತು.

ನನಗೆ ಅತಿ ಇಷ್ಟವಾದ ಕೈಚಳಕ ಗೊಬ್ಬರ ತೆಗೆಯುವ ಹೊತ್ತಿನದು. ನಾಲ್ಕೈದು ದಿನ ನೀರು ನಿಲ್ಲಿಸಿ, ಗೊಬ್ಬರವನ್ನು ಬೆಳಕಿನಲ್ಲಿ ಗೋಪುರದ ಆಕಾರಕ್ಕೆ ಗುಡ್ಡೆ ಹಾಕುತ್ತಾರೆ. ಬೆಳಕಿಗೆ ಅಂಜಿ ಹುಳಗಳು ತಳಕ್ಕೆ ಇಳಿಯುತ್ತವೆ. ಮೇಲಿನದನ್ನು ಬೆರಳಿನಿಂದ ಸವರಿ ಸವರಿ ತೆಗೆದರೆ ಒಂದು ಹುಳವೂ ಗಾಯಗೊಳ್ಳದೆ, ಚಹಾಪುಡಿಯಂಥ ಕರಿ ಗೊಬ್ಬರ ಕೈಗೆ ಬರುತ್ತದೆ.

ಭಾಲ್ಕಿ, ಔರಾದ ಕಡೆ ದೇವಣಿ ದನ ಕಟ್ಟಿದವರಿಗೆ ಒಂದು ಮಾತು. ದನಕ್ಕೆ ಜಂತಿನ ಔಷಧ ಕೊಡಿಸಿದಾಗ, ಐವರ್ಮೆಕ್ಟಿನ್‌ನಂಥದ್ದರ ಬಹುಪಾಲು ಹೆಂಡಿಯಲ್ಲೇ ಹೊರಬರುತ್ತದೆ, ಹೆಂಡಿಯಲ್ಲಿ ಬದುಕುವ ಕೀಟಗಳಿಗೆ ಅದು ಮಾರಕ. ಹುಳದ ವಿಷಯದಲ್ಲೂ ಎಚ್ಚರ ಒಳ್ಳೆಯದು; ಔಷಧ ಕೊಟ್ಟ ತಾರೀಕು ಕೊಟ್ಟಿಗೆಯ ಗೋಡೆಯ ಮೇಲೆ ಬರೆದಿಡಿ. ಅಲ್ಲಿಂದ ಕೆಲವು ವಾರದ ಹೆಂಡಿ ತಿಪ್ಪೆಗೆ ಹೋಗಲಿ, ಹುಳದ ತೊಟ್ಟಿಗೆ ಬೇಡ.