ಟ್ರ್ಯಾಕ್ಟರಿನ ಎಣ್ಣೆ ಎಲ್ಲಿ ಹೋಯಿತು?

ಕೃಷಿ ಕಾರ್ಯಕ್ರಮಗಳಲ್ಲಿ ನಾನು ಯಾವಾಗಲೂ ಕ್ಯಾಮೆರಾದ ಹಿಂದೆ ನಿಲ್ಲುವವನು. ಇವತ್ತು ಮುಂದೆ ಕುಳಿತಿದ್ದೇನೆ. ಹಳೆಯ ಟ್ರ್ಯಾಕ್ಟರೊಂದರ ವಿಷಯದಲ್ಲಿ ನಾನು ಮಾಡಿದ ತಪ್ಪಿನಿಂದ ಒಬ್ಬ ಮನುಷ್ಯನ ಕೆಲಸ ಹೋಗುವುದರಲ್ಲಿತ್ತು. ಅದನ್ನು ನಿಮಗೆ ಹೇಳಬೇಕು.

ಮೂಡಿಗೆರೆಯಿಂದ ಗುತ್ತಿ ಮಾರ್ಗವಾಗಿ ದೇವರಮನೆಗೆ ಹೋಗುವ ದಾರಿ ನಿಮ್ಮಲ್ಲಿ ಅನೇಕರಿಗೆ ಗೊತ್ತಿರಬಹುದು. ಕಾಲಭೈರವೇಶ್ವರನ ದರ್ಶನಕ್ಕೆಂದು ಕೆಲವರು, ಮಂಜು ನೋಡಲೆಂದು ಕೆಲವರು ಅಲ್ಲಿಗೆ ಹೋಗುತ್ತಾರೆ. ನಾವು ಒಂದು ಜನವರಿಯಲ್ಲಿ ಕಾಫಿ ಕೊಯ್ಲಿನ ಚಿತ್ರೀಕರಣಕ್ಕೆ ಹೋಗಿದ್ದೆವು. ನಮ್ಮ ಸಾಮಾನು ಹೊತ್ತದ್ದು ಆ ತೋಟದ ಟ್ರ್ಯಾಕ್ಟರು. ಅದಕ್ಕೆ ಇಪ್ಪತ್ತೈದು ವರ್ಷ ದಾಟಿತ್ತು. ಇಳಿಜಾರಿನ ತಿರುವಿಗೆ ಬಂದಾಗ ಚಾಲಕ ಸೀಟಿನಿಂದ ಅರ್ಧ ಎದ್ದು, ಎರಡೂ ಕೈಯಿಂದ ಸ್ಟೀರಿಂಗನ್ನು ಜಗ್ಗಿದ. ಹಿಂದೆ ಹಣ್ಣು ತುಂಬಿದ ಟ್ರೇಲರು, ಎಡಕ್ಕೆ ಪ್ರಪಾತ. ಪವರ್ ಸ್ಟೀರಿಂಗ್ ಕೈಕೊಟ್ಟಿತ್ತು.

ಕಣಕ್ಕೆ ಬಂದ ಕೂಡಲೇ ಮಾಲೀಕರು ರೇಗಿದರು. "ಏನೋ, ಮತ್ತೆ ಆಯಿಲ್ ಬೇಕಾ? ವಾರಕ್ಕೆ ಅರ್ಧ ಲೀಟರ್ ಎಲ್ಲಿಗೋ ಹೋಗ್ತದೆ?"

"ನಾನೆಂತ ಮಾಡ್ಲಿ ಗೌಡ್ರೆ, ಹಾಕಿದ್ದು ನಿಲ್ತಿಲ್ಲ. ಎಂಜಿನ್ನಿಗೆ ಮಾತ್ರ ತಿಂಗಳಿಂದ ಒಂದು ತೊಟ್ಟೂ ಹಾಕಿಲ್ಲ, ಅದು ಕಮ್ಮಿನೇ ಆಗ್ಲಿಲ್ಲ" ಎಂದ ಚಾಲಕ.

ಈ ಕೊನೆಯ ಮಾತನ್ನು ದಯವಿಟ್ಟು ನೆನಪಿಟ್ಟುಕೊಳ್ಳಿ. ಆಗ ಅದನ್ನು ನಾನೂ ಕೇಳಿಸಿಕೊಳ್ಳಲಿಲ್ಲ, ಮಾಲೀಕರೂ ಕೇಳಿಸಿಕೊಳ್ಳಲಿಲ್ಲ. ಅವರು ನನ್ನನ್ನು ಪಕ್ಕಕ್ಕೆ ಕರೆದು, "ಮಾರ್ತಾನೆ ಸಾರ್. ಅಪ್ಪನ ಕಾಲದಿಂದ ಇದ್ದಾನೆ ಅಂತ ಸುಮ್ಮನಿದ್ದೆ" ಎಂದರು. ಎಣ್ಣೆಯ ಡಬ್ಬವನ್ನು ಆಗಲೇ ಗೋದಾಮಿನಲ್ಲಿಟ್ಟು ಬೀಗ ಹಾಕಿದ್ದರು.

ಇಲ್ಲಿ ಯಂತ್ರದ ವಿಷಯ ಸ್ವಲ್ಪ ಹೇಳಬೇಕು. ಎಂಜಿನ್ ಓಡುವಾಗ ಒಂದು ಪಂಪು ಎಣ್ಣೆಯನ್ನು ತಳ್ಳುತ್ತಿರುತ್ತದೆ. ಸ್ಟೀರಿಂಗ್ ನೇರವಾಗಿದ್ದರೆ ಎಣ್ಣೆ ಸುಮ್ಮನೆ ಸುತ್ತಿ ವಾಪಸು ಬರುತ್ತದೆ. ತಿರುಗಿಸಿದಾಗ ವಾಲ್ವು ಅದನ್ನು ಸಿಲಿಂಡರಿನ ಒಂದು ಬದಿಗೆ ಬಿಡುತ್ತದೆ, ಒತ್ತಡ ಏರುತ್ತದೆ, ಪಿಸ್ಟನ್ನು ಚಕ್ರವನ್ನು ತಿರುಗಿಸುತ್ತದೆ. ಶಾಲೆಯಲ್ಲಿ ಓದಿದ ಪಾಸ್ಕಲನ ನಿಯಮವೇ ಇದು. 40 ಮಿಲಿಮೀಟರ್ ವ್ಯಾಸದ ಪಿಸ್ಟನ್ ಮೇಲೆ 100 ಬಾರ್ ಒತ್ತಡ ಬಿದ್ದರೆ ಸುಮಾರು 1,280 ಕಿಲೋ ಎತ್ತುವಷ್ಟು ಬಲ ಸಿಗುತ್ತದೆ. ಅಮೆರಿಕದ ಫ್ರಾನ್ಸಿಸ್ ಡೇವಿಸ್ ಎಂಬ ಎಂಜಿನಿಯರ್ 1920ರ ದಶಕದಲ್ಲೇ ಇಂಥದ್ದನ್ನು ವಾಹನಕ್ಕೆ ಅಳವಡಿಸಿ ತೋರಿಸಿದ್ದ. ಮಾರಾಟದ ಕಾರಿನಲ್ಲಿ ಅದು ಬಂದದ್ದು 1951ರಲ್ಲಿ.

ಆದ್ದರಿಂದ ಸೋರಿಕೆ ಹುಡುಕುವವರು ಎಂಜಿನ್ ಓಡಿಸಿ, ಸ್ಟೀರಿಂಗನ್ನು ಎರಡೂ ಕಡೆಗೆ ತಿರುಗಿಸಿ ನೋಡಬೇಕು. ನಿಂತ ಗಾಡಿಯಲ್ಲಿ ಒತ್ತಡದ ಸೋರಿಕೆ ಕಾಣುವುದೇ ಇಲ್ಲ. ಆದರೆ ಕೊನೆಯವರೆಗೆ ತಿರುಗಿಸಿ ಹಾಗೇ ಹಿಡಿದುಕೊಳ್ಳಬಾರದು, ಎಣ್ಣೆ ಕಾಯುತ್ತದೆ. ಅದಕ್ಕಿಂತ ಮುಖ್ಯವಾಗಿ, ಓಡುವ ಎಂಜಿನ್ನಿನ ಹೋಸ್ ಪೈಪನ್ನು ಕೈಯಿಂದ ಸವರಿ ನೋಡಲೇಬೇಡಿ. ಸೂಜಿ ಮೊನೆಯಷ್ಟು ತೂತಿನಿಂದ ಚಿಮ್ಮುವ ಎಣ್ಣೆ ಚರ್ಮವನ್ನು ತೂರಿ ಒಳಗೆ ಹೋಗುತ್ತದೆ. ಹೊರಗೆ ಕಾಣುವುದು ಒಂದು ಚುಕ್ಕೆ, ಒಳಗೆ ಬೆರಳೇ ಕೊಳೆಯಬಹುದು. ಹಾಗಾದರೆ ನೋವಿಲ್ಲದಿದ್ದರೂ ತಕ್ಷಣ ದೊಡ್ಡ ಆಸ್ಪತ್ರೆಗೆ ಹೋಗಬೇಕು. ನೋಡುವುದಕ್ಕೆ ಒಂದು ರಟ್ಟಿನ ತುಂಡು ಸಾಕು.

ನಾನು ಬಿ.ಎಸ್ಸಿ. ಓದಿದವನು, ನೋಡುತ್ತೇನೆ ಎಂದು ಮುಂದಾದೆ. ಹೋಸಿನ ಒಂದು ಜೋಡಣೆಯಲ್ಲಿ ಜಿಡ್ಡು ಕಂಡಿತು. ಇದೇ ಎಂದುಬಿಟ್ಟೆ. ಮಾಲೀಕರು ಹೊಸ ಹೋಸ್ ತರಿಸಿ ಹಾಕಿಸಿದರು. ನಾವು ಬೆಂಗಳೂರಿಗೆ ಬಂದೆವು.

ಮೂರು ವಾರದ ಮೇಲೆ ಫೋನು. "ಸಾರ್, ನೀವು ಹೇಳಿದ್ದೂ ಆಯ್ತು. ಆಯಿಲ್ ಹಾಗೇ ಹೋಗ್ತಿದೆ. ಇನ್ನೇನು ಸಾಕ್ಷಿ ಬೇಕು? ತಿಂಗಳ ಕೊನೆಗೆ ಲೆಕ್ಕ ಮುಗಿಸ್ತೀನಿ." ನನ್ನ ಅರೆಬರೆ ಪರೀಕ್ಷೆ ಆ ಮನುಷ್ಯನ ಮೇಲಿನ ಆರೋಪಕ್ಕೆ ಪುರಾವೆಯಾಗಿ ನಿಂತಿತ್ತು. ಆ ರಾತ್ರಿ ನನಗೆ ಸರಿಯಾಗಿ ನಿದ್ದೆ ಬರಲಿಲ್ಲ.

ಕಾಳುಮೆಣಸಿನ ಕೊಯ್ಲಿನ ಚಿತ್ರೀಕರಣವಿತ್ತು. ಅದನ್ನು ಒಂದು ವಾರ ಮುಂಚೆಯೇ ಇಟ್ಟುಕೊಂಡು ಹೊರಟೆ. ಮೂಡಿಗೆರೆಯಿಂದ ಒಬ್ಬ ಮೆಕ್ಯಾನಿಕ್ಕನ್ನು ಜೀಪಿನಲ್ಲಿ ಕೂರಿಸಿಕೊಂಡು ಹೋದೆ. ಅವರು ಟ್ರ್ಯಾಕ್ಟರನ್ನು ಮುಟ್ಟುವ ಮೊದಲು ಶೆಡ್ಡಿನ ನೆಲ ನೋಡಿದರು. "ವಾರಕ್ಕೆ ಅರ್ಧ ಲೀಟರ್ ಅಂದ್ರೆ ದಿನಕ್ಕೆ ಎಷ್ಟಾಯ್ತು ಸಾರ್?" ಎಪ್ಪತ್ತು ಮಿಲಿಲೀಟರ್. ದೊಡ್ಡ ಲೋಟದಲ್ಲಿ ಕಾಲು ಭಾಗ. ಅಷ್ಟು ಎಣ್ಣೆ ದಿನಾ ಹೊರಗೆ ಬಿದ್ದರೆ ನೆಲದಲ್ಲಿ ಕಲೆ ಇರಬೇಕು. ಇರಲಿಲ್ಲ. ಈ ಲೆಕ್ಕ ಮಾಡಲು ಬಿ.ಎಸ್ಸಿ. ಬೇಕಿರಲಿಲ್ಲ, ಆದರೂ ನಾನು ಮಾಡಿರಲಿಲ್ಲ.

ಆಮೇಲೆ ಡೀಸೆಲ್ಲಿನಲ್ಲಿ ಎಲ್ಲವನ್ನೂ ತೊಳೆದು, ಒರೆಸಿ, ಒಣಗಿಸಿ, ಮುಖಕ್ಕೆ ಹಚ್ಚುವ ಪೌಡರನ್ನೇ ಪೈಪು, ಸಿಲಿಂಡರು, ಸ್ಟೀರಿಂಗ್ ಕಂಬದ ಬುಡಕ್ಕೆಲ್ಲ ಉದುರಿಸಿದರು. ಅರ್ಧ ಗಂಟೆ ಓಡಿಸಿದ ಮೇಲೂ ಪೌಡರು ಬೆಳ್ಳಗೇ ಇತ್ತು. ಒದ್ದೆ ಕಂಡರೆ ಅತಿ ಎತ್ತರದ ಒದ್ದೆಯನ್ನು ಹಿಡಿಯಬೇಕಂತೆ; ಎಣ್ಣೆ ಕೆಳಗಿಳಿಯುತ್ತದೆ, ಫ್ಯಾನಿನ ಗಾಳಿ ಅದನ್ನು ಹಿಂದಕ್ಕೆ ಒಯ್ಯುತ್ತದೆ, ತೊಟ್ಟಿಕ್ಕುವ ಜಾಗ ಸೋರುವ ಜಾಗವಲ್ಲ. ಡಬ್ಬಿಯ ಮುಚ್ಚಳ ತೆಗೆದು ನೊರೆ ಇದೆಯೇ ಎಂದೂ ನೋಡಿದರು. ಪಂಪು ಎಣ್ಣೆ ಎಳೆದುಕೊಳ್ಳುವ ಕಡೆಯ ಪೈಪು ಸಡಿಲವಾದರೆ ಎಣ್ಣೆ ಸೋರದೆ ಗಾಳಿ ಒಳಗೆ ಬರುತ್ತದೆ, ಪಂಪು ಕಿರುಗುಟ್ಟುತ್ತದೆ. ಇಲ್ಲಿ ನೊರೆಯೂ ಇಲ್ಲ.

"ಎಂಜಿನ್ನಿಗೆ ಯಾವಾಗ ಆಯಿಲ್ ಹಾಕಿದ್ದು ಅಣ್ಣಾ?" ಎಂದು ಚಾಲಕನನ್ನು ಕೇಳಿದರು. ಅವನು ಜನವರಿಯಲ್ಲಿ ಹೇಳಿದ್ದನ್ನೇ ಮತ್ತೆ ಹೇಳಿದ. ಅಷ್ಟು ಹಳೆಯ ಎಂಜಿನ್ ಎಣ್ಣೆ ಸುಡದೆ ಇರುತ್ತದೆಯೇ? ಅಳತೆಯ ಕಡ್ಡಿ ಎಳೆದು ನೋಡಿದರೆ ಎಣ್ಣೆ ಮೇಲಿನ ಗೆರೆಯನ್ನೂ ದಾಟಿತ್ತು.

ಆ ಗಾಡಿಯಲ್ಲಿ ಸ್ಟೀರಿಂಗ್ ಪಂಪನ್ನು ಎಂಜಿನ್ನಿನ ಮುಂಭಾಗಕ್ಕೇ ಬೋಲ್ಟು ಹಾಕಿ ಕೂರಿಸಿದ್ದಾರೆ. ಟೈಮಿಂಗ್ ಗೇರು ಅದನ್ನು ತಿರುಗಿಸುತ್ತದೆ. ಪಂಪಿನ ಶಾಫ್ಟಿಗೆ ಇರುವ ಆಯಿಲ್ ಸೀಲು ಸವೆದರೆ ಎಣ್ಣೆ ನೆಲಕ್ಕೆ ಬೀಳುವುದಿಲ್ಲ, ಎಂಜಿನ್ನಿನೊಳಕ್ಕೆ ಇಳಿಯುತ್ತದೆ. ಬೆಲ್ಟಿನಿಂದ ತಿರುಗುವ ಪಂಪಾದರೆ ಹೊರಗೇ ಕಾಣುತ್ತಿತ್ತು.

ಆದರೂ ಮೆಕ್ಯಾನಿಕ್ ಪಂಪು ಬಿಚ್ಚಲಿಲ್ಲ. ಡೀಸೆಲ್ ಸೇರಿದರೂ ಎಂಜಿನ್ ಎಣ್ಣೆ ಏರುತ್ತದೆ, ನೀರು ಸೇರಿದರೂ ಏರುತ್ತದೆ. ಕಡ್ಡಿಯನ್ನು ಮೂಸಿದರು, ಡೀಸೆಲ್ ವಾಸನೆ ಇಲ್ಲ. ಹಾಲಿನಂಥ ಬಣ್ಣವೂ ಇಲ್ಲ. ಎಂಜಿನ್ನಿನ ಹೆಚ್ಚುವರಿ ಎಣ್ಣೆಯನ್ನು ಇಳಿಸಿ ಗೆರೆಗೆ ತಂದರು, ಸ್ಟೀರಿಂಗ್ ಡಬ್ಬಿಯನ್ನು ಗೆರೆಯವರೆಗೆ ತುಂಬಿ ಮುಚ್ಚಳಕ್ಕೆ ಅಂಟುಪಟ್ಟಿ ಸುತ್ತಿದರು. ಮಾಲೀಕರು ಅದರ ಮೇಲೆ ಸಹಿ ಮಾಡಿದರು. ನಾಲ್ಕು ದಿನ ಗಾಡಿ ಮಾಮೂಲಿನಂತೆ, ಆದರೆ ಟ್ರೇಲರಿಲ್ಲದೆ, ಮಟ್ಟದ ಜಾಗದಲ್ಲಿ ಮಾತ್ರ ಓಡಿತು. ಐದನೆಯ ದಿನ ನೋಡಿದಾಗ ಪಟ್ಟಿ ಹಾಗೇ ಇತ್ತು. ಡಬ್ಬಿಯಲ್ಲಿ ಇಳಿದಿತ್ತು, ಎಂಜಿನ್ನಿನಲ್ಲಿ ಏರಿತ್ತು. ಇಳಿದಷ್ಟೇ ಏರಿರಲಿಲ್ಲ, ಸ್ವಲ್ಪ ಎಂಜಿನ್ ಸುಟ್ಟಿತ್ತು.

ಪಂಪು ಬಿಚ್ಚಿದಾಗ ಸೀಲಿನ ತುಟಿ ಗಟ್ಟಿಯಾಗಿ ಸೀಳಿತ್ತು. ಹೊಸ ಸೀಲಿಗೆ ಆದದ್ದು ನಾನು ಹಾಕಿಸಿದ ಹೋಸಿಗಿಂತ ಕಡಿಮೆ. ಬೇರೆ ಎಣ್ಣೆ ಬೆರೆತಿದ್ದರಿಂದ ಎಂಜಿನ್ ಎಣ್ಣೆ, ಫಿಲ್ಟರು ಎರಡನ್ನೂ ಬದಲಿಸಬೇಕಾಯಿತು. ಇನ್ನೊಂದು ಮಳೆಗಾಲ ಹಾಗೇ ಬಿಟ್ಟಿದ್ದರೆ ಬೇರಿಂಗುಗಳಿಗೂ ಖರ್ಚು ಬರುತ್ತಿತ್ತೆಂದು ಮೆಕ್ಯಾನಿಕ್ ಹೇಳಿದರು.

ನಾನು ಚಾಲಕನ ಹತ್ತಿರ ಹೋಗಿ, ಹೋಸ್ ಎಂದದ್ದು ನನ್ನ ತಪ್ಪು ಎಂದೆ. "ಇರ್ಲಿ ಬಿಡಿ ಸಾರ್, ನೀವಾದ್ರೂ ವಾಪಸ್ ಬಂದ್ರಲ್ಲ" ಎಂದ. ಮಾಲೀಕರು ಅವನಿಗೆ ಏನೂ ಹೇಳಿದ್ದು ನನಗೆ ಕೇಳಿಸಲಿಲ್ಲ. ನಾವು ಹೊರಡುವಾಗ ಎಣ್ಣೆಯ ಡಬ್ಬ ಗೋದಾಮಿನಿಂದ ಶೆಡ್ಡಿಗೆ ಬಂದಿತ್ತು. ಆ ಚಾಲಕ ಇವತ್ತಿಗೂ ಅಲ್ಲೇ ಇದ್ದಾನೆ, ಟ್ರ್ಯಾಕ್ಟರೂ ಇದೆ.