ಅಮೇರಿಕೆಯಲ್ಲಿ ಮನೆಯಿಲ್ಲದ ಯೋಧರ ವಸತಿ-ವ್ಯವಸ್ಥೆ



ಕಾಳಗದಲ್ಲಿ ಮಡಿದ ವೀರನ ಮನೆಯವರಿಗೆ ಅರಸರು ಭೂಮಿಯನ್ನು ಬಿಟ್ಟುಕೊಡುವ ಪದ್ಧತಿಯು ಕನ್ನಡ ನಾಡಿನಲ್ಲಿ ಬಹು ಪ್ರಾಚೀನವಾದದ್ದು. ಶಾಸನಗಳಲ್ಲಿ ಅದಕ್ಕೆ ನೆತ್ತರುಗೊಡಗೆಯೆಂದು ಹೆಸರು. ಸುರಿದ ನೆತ್ತರಿಗಾಗಿ ಕೊಟ್ಟ ಕೊಡುಗೆ ಎಂಬ ಈ ಮಾತಿನಲ್ಲಿ ಭಿಕ್ಷೆಯ ವಾಸನೆಯಿಲ್ಲ. ಋಣವನ್ನು ತೀರಿಸುವ ಭಾವವುಂಟು. ಸೈನಿಕನಿಗೆ ರಾಜ್ಯವು ಕೊಡತಕ್ಕದ್ದು ಭಿಕ್ಷೆಯೋ ಋಣವೋ ಎಂಬ ಇದೇ ಪ್ರಶ್ನೆಯು ಸಮುದ್ರದಾಚೆಯ ಅಮೇರಿಕಾ ಸಂಯುಕ್ತ ಸಂಸ್ಥಾನಗಳಲ್ಲಿ ನೂರೈವತ್ತು ವರ್ಷಗಳಿಗೂ ಮೇಲ್ಪಟ್ಟು ಚರ್ಚೆಗೆ ಬರುತ್ತಲಿದೆ. ಅಲ್ಲಿಯ ವೃತ್ತಾಂತವೇ ಇಂದಿನ ಭಾಷಣದ ವಿಷಯವು.

ಆ ದೇಶದ ಉತ್ತರ-ದಕ್ಷಿಣ ಸೀಮೆಗಳ ನಡುವೆ ನಡೆದ ಅಂತರ್ಯುದ್ಧವು ಮುಗಿಯುವ ಸಂಧಿಯಲ್ಲಿ, ೧೮೬೫ನೆಯ ಇಸವಿಯ ಮಾರ್ಚ ೩ನೆಯ ತಾರೀಖಿಗೆ, ಅಧ್ಯಕ್ಷನಾದ ಅಬ್ರಹಾಂ ಲಿಂಕನ್ನನು ಒಂದು ಕಾಯಿದೆಗೆ ಅಂಕಿತ ಹಾಕಿದನು. ಕೈಕಾಲು ಕಳೆದುಕೊಂಡ ಸ್ವಯಂಸೇವಕ ಯೋಧರಿಗೆ ರಾಷ್ಟ್ರವೇ ಆಶ್ರಯವನ್ನು ಕಟ್ಟಿಕೊಡಬೇಕೆಂಬದು ಅದರ ಉದ್ದೇಶ. ಮರುವರ್ಷ ಮೇನ್ ಸಂಸ್ಥಾನದ ಟೋಗಸ್ ಎಂಬಲ್ಲಿ ಮೊದಲನೆಯ ಶಾಖೆಯು ತೆರೆಯಿತು. ಆರಂಭದಲ್ಲಿ ಅದರ ಹೆಸರಿನಲ್ಲಿ ‘ಅನಾಥಾಶ್ರಯ’ವೆಂಬ ಅರ್ಥದ ಶಬ್ದವಿತ್ತು, ೧೮೭೩ರಲ್ಲಿ ಆ ಶಬ್ದವನ್ನು ತೆಗೆದುಹಾಕಿ ‘ಮನೆ’ ಎಂಬ ಶಬ್ದವನ್ನು ಇಟ್ಟರು. ಹೆಸರಿನ ಬದಲಾವಣೆಯು ಸಣ್ಣ ಮಾತೆಂದು ಯಾರಾದರೂ ಅನ್ನಬಹುದು. ಆದರೆ ಅನಾಥನೆಂದು ಕರೆಯಿಸಿಕೊಂಡು ಉಣ್ಣುವದಕ್ಕೂ ಮನೆಯವನಾಗಿ ಉಣ್ಣುವದಕ್ಕೂ ಇರುವ ಅಂತರವು ಉಂಡವನಿಗೇ ಗೊತ್ತು.

ಇಂಥ ಶಾಖೆಗಳಲ್ಲಿ ಒಂದಕ್ಕೆ ಪಶ್ಚಿಮ ಸಮುದ್ರದ ಸಮೀಪದಲ್ಲಿ, ಲಾಸ್ ಏಂಜಲೀಸ್ ಪಟ್ಟಣದ ಪಕ್ಕದಲ್ಲಿ, ೧೮೮೮ರಲ್ಲಿ ಮುನ್ನೂರು ಎಕರೆಗಳಿಗೆ ಮಿಕ್ಕಿದ ಭೂಮಿಯು ದಾನವಾಗಿ ಬಂದಿತು. ಕೊಟ್ಟವರು ಜಾನ್ ಜೋನ್ಸ್ ಎಂಬ ಶಾಸನಸಭೆಯ ಸದಸ್ಯನೂ ಅರ್ಕೇಡಿಯಾ ಬೇಕರ್ ಎಂಬ ಶ್ರೀಮಂತ ಮಹಿಳೆಯೂ. ಯೋಧರ ನಿವಾಸವನ್ನು ಅಲ್ಲಿ ಸ್ಥಾಪಿಸಿ ಶಾಶ್ವತವಾಗಿ ನಡೆಯಿಸಬೇಕೆಂಬದೇ ದಾನದ ಕರಾರು. ನಿವಾಸವು ಎದ್ದಿತು, ಪ್ರಾರ್ಥನಾಮಂದಿರ, ಆಸ್ಪತ್ರೆ, ತೋಟ, ಅಂಚೆ ಮನೆ ಇವೆಲ್ಲವುಗಳಿಂದ ಕೂಡಿ ಅದೊಂದು ಚಿಕ್ಕ ಊರಾಯಿತು. ಈ ಭೂಮಿಯ ಮಾತು ಮುಂದೆ ಪುನಃ ಬರುವದರಿಂದ ಶ್ರೋತೃಗಳು ಇದನ್ನು ನೆನಪಿನಲ್ಲಿಡಬೇಕು.

ಋಣವನ್ನು ಒಪ್ಪಿಕೊಂಡ ಅದೇ ಸರಕಾರವು ಅದನ್ನು ಮರೆತ ದಿನಗಳೂ ಉಂಟು. ಮೊದಲನೆಯ ಮಹಾಯುದ್ಧದ ಯೋಧರಿಗೆ ೧೯೨೪ರಲ್ಲಿ ಕಾಯಿದೆಯಿಂದ ಗೊತ್ತುಮಾಡಿದ ಹಣವು ೧೯೪೫ಕ್ಕೆ ಕೈಸೇರುವದಿತ್ತು. ನಡುವೆ ದೇಶಕ್ಕೆ ಘೋರವಾದ ಆರ್ಥಿಕ ದುಸ್ಥಿತಿಯು ಬರಲು, ೧೯೩೨ರಲ್ಲಿ ಸಾವಿರಾರು ಜನ ಮಾಜಿ ಸೈನಿಕರು ಹೆಂಡಿರು ಮಕ್ಕಳೊಡನೆ ರಾಜಧಾನಿಗೆ ಬಂದು, ಅನಕಾಸ್ಟಿಯಾ ಹೊಳೆಯ ದಂಡೆಯಲ್ಲಿ ಗುಡಿಸಲು ಹಾಕಿಕೊಂಡು, ಆ ಹಣವನ್ನು ಈಗಲೇ ಕೊಡಿರೆಂದು ಬೇಡಿದರು. ಜುಲೈ ೨೮ನೆಯ ತಾರೀಖಿಗೆ ಸೇನಾಪತಿಯಾದ ಮ್ಯಾಕ್‌ಆರ್ಥರನು ಕುದುರೆ ದಂಡು, ಟ್ಯಾಂಕುಗಳು ಹಾಗೂ ಅಶ್ರುವಾಯುವಿನೊಡನೆ ಬಂದು ಅವರನ್ನು ಓಡಿಸಿದನು; ಗುಡಿಸಲುಗಳು ಸುಟ್ಟುಹೋದವು. ಬಾಕಿಯಿದ್ದ ಹಣವು ೧೯೩೬ರಲ್ಲಿ, ಅಧ್ಯಕ್ಷ ರೂಸ್‌ವೆಲ್ಟನ ನಿರಾಕರಣೆಯನ್ನೂ ಮೀರಿ, ಶಾಸನಸಭೆಯ ಮತದಿಂದ ದೊರೆಯಿತು. ಈ ಅಪಕೀರ್ತಿಯನ್ನು ಮರೆಯದವರೇ ೧೯೪೪ರಲ್ಲಿ ವಿದ್ಯಾಭ್ಯಾಸಕ್ಕೆ ದ್ರವ್ಯ, ಮನೆಗೆ ಸಾಲ ಮುಂತಾದವುಗಳನ್ನು ಕೊಡುವ ಪ್ರಸಿದ್ಧ ಕಾಯಿದೆಯನ್ನು ಮಾಡಿದರು. ಲಕ್ಷಾವಧಿ ಜನರು ಅದರಿಂದ ಮನೆವಂತರಾದರು. ಆದರೂ ಬ್ಯಾಂಕುಗಳು ಕಪ್ಪು ವರ್ಣದ ಯೋಧರನ್ನು ಬಹುಮಟ್ಟಿಗೆ ಬಾಗಿಲಿನಿಂದಲೇ ಹಿಂದಿರುಗಿಸಿದವೆಂಬದನ್ನು ಹೇಳದೆ ಬಿಡುವದು ನ್ಯಾಯವಲ್ಲ.

ವಿಯೆಟ್‌ನಾಮ್ ಯುದ್ಧದ ತರುವಾಯ ರೋಗವು ಬೇರೆ ರೂಪವನ್ನು ತಾಳಿತು. ಮನಸ್ಸಿಗೆ ಗಾಯವಾದವರು, ಮದ್ಯಕ್ಕೂ ಮಾದಕ ವಸ್ತುಗಳಿಗೂ ವಶರಾದವರು, ಬಂಧುಗಳಿಂದ ದೂರವಾದವರು ೧೯೮೦ರ ದಶಕದಲ್ಲಿ ಬೀದಿ ಬೀದಿಗಳಲ್ಲಿ ಮಲಗತೊಡಗಿದರು. ಸರಕಾರವು ೧೯೮೭ರಲ್ಲಿ ಅವರಿಗಾಗಿ ವೈದ್ಯ ಸಹಾಯವನ್ನು ಪ್ರಾರಂಭಿಸಿತು. ಮರುವರ್ಷ ಸ್ಯಾನ್ ಡಿಯೇಗೋ ಪಟ್ಟಣದಲ್ಲಿ ಆ ಯುದ್ಧದ ಯೋಧರೇ ಮುಂದಾಗಿ ಮೂರು ದಿನ ಡೇರೆಗಳನ್ನು ಹಾಕಿ, ಬೀದಿಯ ಸಂಗಡಿಗರನ್ನು ಕರೆತಂದು, ಊಟ, ಬಟ್ಟೆ, ಔಷಧೋಪಚಾರ, ಕಾಯಿದೆಯ ಸಲಹೆ ಇವೆಲ್ಲವನ್ನೂ ಒಂದೇ ಕಡೆಗೆ ಒದಗಿಸಿದರು. ಅದಕ್ಕೆ ‘ಸ್ಟ್ಯಾಂಡ್ ಡೌನ್’ ಎಂದು ಹೆಸರಿಟ್ಟರು. ದಣಿದ ಪಡೆಯನ್ನು ರಣದಿಂದ ಹಿಂದಕ್ಕೆ ಕರೆದು ನಿರ್ಭಯವಾದ ಸ್ಥಳದಲ್ಲಿ ವಿಶ್ರಮಿಸಗೊಡುವದು ಆ ದಂಡಿನ ಮಾತಿನ ಅರ್ಥ. ಆದರೆ ಮೂರು ದಿನಗಳ ಡೇರೆಯು ನಾಲ್ಕನೆಯ ದಿನ ಕಿತ್ತುಹೋಗುವದಷ್ಟೆ!

ಸ್ಥಿರವಾದ ಮನೆಯ ಏರ್ಪಾಡು ೧೯೯೨ರಲ್ಲಿ ಅಲ್ಪಪ್ರಮಾಣದಲ್ಲಿ ಮೊದಲಾಗಿ, ೨೦೦೮ರಿಂದ ವಿಸ್ತಾರವಾಯಿತು. ಇದಕ್ಕೆ ‘ಹಡ್-ವಾಶ್’ ಎಂದು ಸಂಕ್ಷೇಪನಾಮ. ಇದರಲ್ಲಿ ಎರಡು ಸರಕಾರೀ ಖಾತೆಗಳು ಜೋಡೆತ್ತಿನಂತೆ ದುಡಿಯುವವು. ಗೃಹಖಾತೆಯು ಬಾಡಿಗೆಯ ಚೀಟಿಯನ್ನು ಕೊಡುವದು; ಯೋಧನು ತನ್ನ ಉತ್ಪನ್ನದಲ್ಲಿ ಶೇಕಡಾ ಸುಮಾರು ೩೦ರಷ್ಟನ್ನು ಬಾಡಿಗೆಗೆ ತೆತ್ತರೆ ಉಳಿದದ್ದನ್ನು ಸರಕಾರವು ಮನೆಯ ಮಾಲಕನಿಗೆ ಸಲ್ಲಿಸುವದು. ಮಾಜಿ ಸೈನಿಕರ ಖಾತೆಯು ಒಬ್ಬ ಮೇಲ್ವಿಚಾರಕನನ್ನು ಗೊತ್ತುಮಾಡುವದು. ಅವನು ಮನೆಯನ್ನು ಹುಡುಕಿಕೊಡುವನು, ಆಸ್ಪತ್ರೆಗೆ ಕರೆದೊಯ್ಯುವನು, ನೆರೆಯವರೊಡನೆ ಜಗಳವಾದರೆ ನಡುವೆ ನಿಂತು ಬಗೆಹರಿಸುವನು. ೨೦೦೮ರಿಂದೀಚೆಗೆ ಇಂಥ ಚೀಟಿಗಳು ಒಂದು ಲಕ್ಷಕ್ಕಿಂತ ಹೆಚ್ಚು ಮಂಜೂರಾಗಿವೆ. ಇದಲ್ಲದೆ, ಬಾಡಿಗೆಯು ಬಾಕಿಯಾಗಿ ಬೀದಿಗೆ ಬೀಳಲಿರುವ ಯೋಧ ಕುಟುಂಬಗಳಿಗೆ ಧರ್ಮಸಂಸ್ಥೆಗಳ ಮುಖಾಂತರ ಬಾಕಿಯನ್ನೂ ಮುಂಗಡವನ್ನೂ ಕಟ್ಟಿಕೊಡುವ ಇನ್ನೊಂದು ಯೋಜನೆಯು ೨೦೧೧ರಿಂದ ನಡೆದಿದೆ.

ಇಲ್ಲಿ ಒಂದು ತಾತ್ತ್ವಿಕವಾದ ವಾದವು ಹುಟ್ಟಿತು. ಮೊದಲು ಕುಡಿತವನ್ನು ಬಿಡು, ಚಿಕಿತ್ಸೆಯನ್ನು ಮುಗಿಸು, ತಾತ್ಪೂರ್ತಿಕ ವಸತಿಗೃಹದಲ್ಲಿ ನಿನ್ನ ನಡತೆಯನ್ನು ತೋರಿಸು, ಆಮೇಲೆ ಮನೆ ಎಂಬದು ಹಳೆಯ ಕ್ರಮ. ಮೊದಲು ಮನೆ, ಮಿಕ್ಕದ್ದೆಲ್ಲವೂ ಆಮೇಲೆ ಎಂಬದು ಹೊಸ ಕ್ರಮ. ಇದನ್ನು ಸ್ಯಾಮ್ ಸೆಂಬೆರಿಸ್ ಎಂಬ ಮನಃಶಾಸ್ತ್ರಜ್ಞನು ೧೯೯೨ರಲ್ಲಿ ನ್ಯೂಯಾರ್ಕಿನಲ್ಲಿ ಆಚರಣೆಗೆ ತಂದನು. ೨೦೧೨ರಲ್ಲಿ ಮಾಜಿ ಸೈನಿಕರ ಖಾತೆಯೂ ಹಡ್-ವಾಶ್‌ಗೆ ಇದನ್ನೇ ಸ್ವೀಕರಿಸಿತು. ಕುಡುಕನಿಗೆ ಮನೆ ಕೊಡುವದು ದುರಭ್ಯಾಸಕ್ಕೆ ನೀರೆರೆದಂತೆ ಎಂದು ಆಕ್ಷೇಪಿಸುವವರು ಅಲ್ಲಿ ಇಂದಿಗೂ ಇದ್ದಾರೆ. ಆಕ್ಷೇಪವು ತೀರ ಹುರುಳಿಲ್ಲದ್ದಲ್ಲ. ಮನೆಯೊಂದರಿಂದಲೇ ಚಟವು ಹೋಗದು. ಆದರೆ ರಾತ್ರಿಯೆಲ್ಲ ತನ್ನ ಗಂಟಿಗೆ ತಾನೇ ಕಾವಲಿರುವವನು ಔಷಧವನ್ನು ಹೊತ್ತುಹೊತ್ತಿಗೆ ತೆಗೆದುಕೊಳ್ಳುವ ಬಗೆ ಹೇಗೆ? ಬಾಗಿಲಿಗೆ ಅಗಳಿಯಿಲ್ಲದವನಿಗೆ ನಿಯಮವನ್ನು ಬೋಧಿಸುವದು ಸುಲಭ, ಪಾಲಿಸುವದು ದುಸ್ತರ.

ಫಲವನ್ನು ಲೆಕ್ಕದಿಂದಲೇ ತಿಳಿಯಬಹುದು. ಜನವರಿಯ ಒಂದು ರಾತ್ರಿ ದೇಶದಾದ್ಯಂತ ಮನೆಯಿಲ್ಲದವರನ್ನು ಎಣಿಸುವ ಪದ್ಧತಿಯು ಅಲ್ಲುಂಟು. ೨೦೧೦ರಲ್ಲಿ ಅಂಥ ಯೋಧರು ಸುಮಾರು ೭೪ ಸಾವಿರ ಇದ್ದರು. ೨೦೨೪ರಲ್ಲಿ ೩೨,೮೮೨ ಮಂದಿ. ಅದೇ ೨೦೨೪ರಲ್ಲಿ ದೇಶದ ಒಟ್ಟು ನಿರ್ವಸಿತರ ಸಂಖ್ಯೆಯು ಏರುತ್ತಿರುವಾಗ ಯೋಧರದು ಇಳಿಯಿತೆಂಬದು ಗಮನಾರ್ಹವು. ನ್ಯೂ ಆರ್ಲಿಯನ್ಸ್ ಪಟ್ಟಣವು ೨೨೭ ಯೋಧರಿಗೆ ಮನೆ ಒದಗಿಸಿ, ೨೦೧೫ರ ಜನವರಿಯಲ್ಲಿ, ಈ ಕಾರ್ಯವನ್ನು ಮುಗಿಸಿದ ಮೊದಲನೆಯ ದೊಡ್ಡ ಪಟ್ಟಣವೆಂದು ಸಾರಿತು. ಮುಂದೆ ಯಾರೂ ಬೀದಿಗೆ ಬೀಳರೆಂದು ಇದರ ಅರ್ಥವಲ್ಲ. ಬಿದ್ದವರನ್ನು ಬೇಗನೆ ಎತ್ತುವ ವ್ಯವಸ್ಥೆಯಾಗಿದೆಯೆಂದು ಅರ್ಥ.

ಇನ್ನು ಲಾಸ್ ಏಂಜಲೀಸಿನ ಆ ದತ್ತಿಯ ಭೂಮಿ. ೧೯೩೦ರಲ್ಲಿ ಯೋಧ ನಿವಾಸಗಳೆಲ್ಲವೂ ಹೊಸ ಖಾತೆಯೊಂದರಲ್ಲಿ ವಿಲೀನವಾದವು. ಇಲ್ಲಿಯ ಆಸ್ಪತ್ರೆಯು ಬೆಳೆಯುತ್ತ ಹೋಯಿತು, ನಿವಾಸವು ಸೊರಗುತ್ತ ಹೋಯಿತು. ಕಾಲಕ್ರಮದಲ್ಲಿ ಹೊಸಬರಿಗೆ ಬಾಗಿಲೇ ಮುಚ್ಚಿತು. ಸುತ್ತಲಿನ ಪ್ರದೇಶವು ಧನಿಕರ ಬಡಾವಣೆಯಾಯಿತು. ಭೂಮಿಯ ಭಾಗಗಳು ಒಂದು ವಿಶ್ವವಿದ್ಯಾಲಯದ ಚೆಂಡಾಟದ ಬಯಲಿಗೆ, ಒಂದು ಖಾಸಗಿ ಶಾಲೆಯ ಕ್ರೀಡಾಂಗಣಕ್ಕೆ, ಎಣ್ಣೆಯ ಬಾವಿಗೆ ಹೀಗೆ ಗುತ್ತಿಗೆಗೆ ಹೋದವು. ದತ್ತಿಯ ಹೊಲವನ್ನು ಪರರು ಉಳುವದೂ ದತ್ತಿಗೆ ಬಾಧ್ಯನಾದವನು ಬದುವಿನ ಮೇಲೆ ಕೂಡುವದೂ ನಮ್ಮ ಕಡೆಗೂ ಕೇಳದ ಮಾತೇನಲ್ಲ. ೨೦೨೦-೨೧ರಲ್ಲಂತೂ ಆವರಣದ ಬೇಲಿಯ ಹೊರಗೆ, ಕಾಲುದಾರಿಯ ಮೇಲೆ, ಯೋಧರು ರಾಷ್ಟ್ರಧ್ವಜಗಳನ್ನು ಕಟ್ಟಿದ ಡೇರೆಗಳ ಸಾಲಿನಲ್ಲಿ ವಾಸಿಸುತ್ತಿದ್ದರು. ಬೇಲಿಯ ಒಳಗಡೆಯ ನೆಲವು ಅವರದೇ!

೨೦೧೧ರಲ್ಲಿ ಯೋಧರು ನ್ಯಾಯಾಲಯಕ್ಕೆ ಹೋದರು. ೨೦೧೩ರಲ್ಲಿ ಹಲವು ಗುತ್ತಿಗೆಗಳು ಕಾಯಿದೆಗೆ ವಿರುದ್ಧವೆಂದು ತೀರ್ಪಾಯಿತು. ೨೦೧೫ರಲ್ಲಿ ರಾಜಿಯಾಗಿ, ಮರುವರ್ಷ ೧,೨೦೦ ಮನೆಗಳ ನಕಾಶೆಯು ಸಿದ್ಧವಾಯಿತು. ನಕಾಶೆಯ ಮನೆಗಳು ನೆಲದ ಮೇಲೆ ಏಳುವದು ಮಾತ್ರ ಬಹಳ ನಿಧಾನವಾಯಿತು. ೨೦೨೩ರಲ್ಲಿ ಕೆಲವು ಹಳೆಯ ಕಟ್ಟಡಗಳು ದುರಸ್ತಿಯಾಗಿ ವಾಸಕ್ಕೆ ಬಂದವು. ಅಷ್ಟರಲ್ಲಿ, ೨೦೨೨ರಲ್ಲಿಯೇ, ಎರಡನೆಯ ದಾವೆಯು ಹೂಡಲ್ಪಟ್ಟಿತ್ತು.

ಆ ದಾವೆಯಲ್ಲಿ ಹೊರಬಿದ್ದ ಒಂದು ಸಂಗತಿಯು ಆಶ್ಚರ್ಯಕರವಾದದ್ದು. ಈ ಮನೆಗಳನ್ನು ಕಟ್ಟಲು ಬಳಸಿದ ದ್ರವ್ಯಕ್ಕೆ ಉತ್ಪನ್ನದ ಮಿತಿಯ ಕಟ್ಟುಪಾಡಿತ್ತು. ಅಂದರೆ ಅವು ಬಡವರಿಗೆ ಮಾತ್ರ. ಯುದ್ಧದಲ್ಲಿ ಅಂಗಹೀನನಾದವನಿಗೆ ಸರಕಾರವೇ ಕೊಡುವ ಪರಿಹಾರವನ್ನೂ ಉತ್ಪನ್ನವೆಂದು ಗಣಿಸುತ್ತಿದ್ದರು. ಗಾಯವು ದೊಡ್ಡದಾದಷ್ಟು ಪರಿಹಾರವು ದೊಡ್ಡದು, ಪರಿಹಾರವು ದೊಡ್ಡದಾದರೆ ಅವನು ಬಡವನಲ್ಲ, ಬಡವನಲ್ಲವಾದ್ದರಿಂದ ಮನೆಯಿಲ್ಲ. ಯಾರಿಗಾಗಿ ಲಿಂಕನ್ನನು ಅಂಕಿತ ಹಾಕಿದನೋ, ಆ ಕೈಕಾಲಿಲ್ಲದವನೇ ಸಾಲಿನಿಂದ ಹೊರಗಾದನು. ತರ್ಕಶಾಸ್ತ್ರವನ್ನು ಓದಿದ ಯಾವ ವಟುವೂ ಈ ಅನುಮಾನಸರಣಿಯಲ್ಲಿಯ ದೋಷವನ್ನು ಹಿಡಿಯಬಲ್ಲನು. ಕಚೇರಿಗಳಿಗೆ ಅದು ವರ್ಷಾನುವರ್ಷ ಕಾಣಲಿಲ್ಲ. ೨೦೨೪ರ ಆಗಸ್ಟಿನಲ್ಲಿ ಗೃಹಖಾತೆಯು ಹಡ್-ವಾಶ್‌ನ ಅರ್ಹತೆಯನ್ನು ನೋಡುವಾಗ ಅಂಥ ಪರಿಹಾರವನ್ನು ಲೆಕ್ಕಕ್ಕೆ ಹಿಡಿಯಬಾರದೆಂದು ನಿಯಮವನ್ನು ತಿದ್ದಿತು.

ಮರು ತಿಂಗಳು ದಾವೆಯ ತೀರ್ಪು ಬಂದಿತು. ಕೊಟ್ಟ ನ್ಯಾಯಾಧೀಶ ಡೇವಿಡ್ ಕಾರ್ಟರನು ಸ್ವತಃ ವಿಯೆಟ್‌ನಾಮಿನ ಯುದ್ಧದಲ್ಲಿ ಗಾಯಗೊಂಡವನು. ಭೂಮಿಯು ಯೋಧರಿಗಾಗಿ ಕೊಟ್ಟದ್ದೆಂದೂ, ಮೊದಲು ಒಪ್ಪಿದವುಗಳಲ್ಲದೆ ಇನ್ನೂ ೧,೮೦೦ ಸ್ಥಿರವಾದ ಮನೆಗಳನ್ನೂ ೭೫೦ ತಾತ್ಪೂರ್ತಿಕ ವಸತಿಗಳನ್ನೂ ಕಟ್ಟಬೇಕೆಂದೂ ಅವನು ವಿಧಿಸಿದನು. ಸರಕಾರವು ಮೇಲ್ಮನವಿ ಮಾಡಿಕೊಂಡಿತು. ೨೦೨೫ರ ಮೇ ತಿಂಗಳಲ್ಲಿ ಅಧ್ಯಕ್ಷನ ಆಜ್ಞೆಯೊಂದು ಹೊರಟು, ಅದೇ ಭೂಮಿಯಲ್ಲಿ ಯೋಧರಿಗಾಗಿ ಒಂದು ರಾಷ್ಟ್ರೀಯ ಕೇಂದ್ರವು ಏಳಬೇಕೆಂದೂ, ೨೦೨೮ರ ಹೊತ್ತಿಗೆ ಆರು ಸಾವಿರ ಮಂದಿಗೆ ಅಲ್ಲಿ ಸ್ಥಳವಾಗಬೇಕೆಂದೂ ಗೊತ್ತುಮಾಡಿತು. ಜೋನ್ಸನೂ ಬೇಕರಳೂ ಭೂಮಿಯನ್ನು ಬಿಟ್ಟುಕೊಟ್ಟ ೧೮೮೮ರಿಂದ ಆ ವರ್ಷಕ್ಕೆ ಸರಿಯಾಗಿ ನೂರಾನಾಲ್ವತ್ತು ವರ್ಷಗಳಾಗುವವು.